ಪಿಸಕಾನೆ ಲಾಗ್: ನೇಪಲ್ಸ್ ಮುದುಕನ ಬಾಯಲ್ಲಿ ಬೊಲೋನ್ಯಾ

ಎರಡು ವಾರಾಂತ್ಯ ಹಾಳು ಮಾಡಿಕೊಂಡ ಮೇಲೆ ಕೊನೆಗೂ ಗೊತ್ತಾಯಿತು: ಇಷ್ಟು ದಿನ ನಾನು ಕಿವಿಗೊಟ್ಟು ಕೇಳುತ್ತಿದ್ದದ್ದು ಇಟಲಿಯ ಹಳೇ ಸಿನಿಮಾ ನಟ ಕಾರ್ಲೋ ಪಿಸಕಾನೆಯ ದನಿಯೇ ಅಲ್ಲ.

ಅವರು ಕಾಣಿಸಿಕೊಂಡ ಚಿತ್ರಗಳಿಗೆಲ್ಲ ಶೀಟ್ ಹಾಕುವುದು, ಫ್ರೇಮ್ ಹಿಡಿಯುವುದು, ಟೈಟಲ್ ಕಾರ್ಡ್ ತಾಳೆ ನೋಡುವುದು ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ಹೊಸಬರಿಗಾಗಿ ಇಷ್ಟು: ಪಿಸಕಾನೆ 1889ರಲ್ಲಿ ನೇಪಲ್ಸ್‌ನಲ್ಲಿ ಹುಟ್ಟಿದವರು, 1974ರಲ್ಲಿ ರೋಮ್‌ನಲ್ಲಿ ತೀರಿಕೊಂಡರು. ನಿರ್ದೇಶಕ ರೊಸ್ಸೆಲ್ಲಿನಿಯ 1946ರ ‘ಪೈಸಾ’ದ ಸಿಸಿಲಿ ಭಾಗದಲ್ಲಿ ರೈತನಾಗಿ ಬಂದು ಹೋಗುತ್ತಾರೆ. 1958ರಲ್ಲಿ ನಿರ್ದೇಶಕ ಮಾರಿಯೋ ಮೊನಿಚೆಲ್ಲಿ ಇವರನ್ನು ಕಳ್ಳರ ಹಾಸ್ಯಚಿತ್ರ ‘ಇ ಸೋಲಿತಿ ಇನ್ಯೋತಿ’ಗೆ ಹಾಕಿಕೊಂಡಾಗ ವಯಸ್ಸು 69. ಪಾತ್ರ: ಸದಾ ಹಸಿದ ಮುದಿ ಕಳ್ಳ ಕಪನ್ನೆಲ್ಲೆ. ಗಾಸ್ಮನ್, ಮಾಸ್ತ್ರೋಯಾನಿ, ತೋತೋರಂಥ ದೊಡ್ಡ ನಟರು ಇರುವ ಚಿತ್ರದಲ್ಲಿ ಈ ಹಲ್ಲಿಲ್ಲದ ಮುದುಕ ಏನಾದರೂ ಅಗಿಯುತ್ತಾ ನಿಂತರೆ ಸಾಕು, ಕಣ್ಣು ಅಲ್ಲಿಗೇ ಹೋಗುತ್ತದೆ. ಮರುವರ್ಷ ನಾನ್ನಿ ಲೋಯ್ ಮಾಡಿದ ಮುಂದಿನ ಭಾಗದಲ್ಲಿ ಇದೇ ಕಪನ್ನೆಲ್ಲೆ ವಿಪರೀತ ತಿಂದು ಸಾಯುತ್ತಾನೆ. ಪಾತ್ರಕ್ಕೆ ಇದಕ್ಕಿಂತ ನ್ಯಾಯವಾದ ಸಾವು ಇಲ್ಲ.

ಮೊದಲ ತಲೆನೋವು ಹುಡುಕಾಟ. ‘ಕಾರ್ಲೋ ಪಿಸಕಾನೆ’ ಎಂದು ಹೊಡೆದರೆ ನಮ್ಮವರು ಬರುವುದಿಲ್ಲ, 1857ರಲ್ಲಿ ಹಡಗು ವಶಪಡಿಸಿಕೊಂಡು ಪೋಂಜಾ ದ್ವೀಪದ ಕೈದಿಗಳನ್ನು ಬಿಡಿಸಿ ಸಾಪ್ರಿಯಲ್ಲಿ ಇಳಿದ ಕ್ರಾಂತಿಕಾರಿ ಬರುತ್ತಾನೆ. ಅವನೂ ನೇಪಲ್ಸ್‌ನವನೇ! ಬೀದಿ, ಶಾಲೆ ಎಲ್ಲಕ್ಕೂ ಅವನ ಹೆಸರು. ಅಯ್ಯಾ, ನನಗೆ ಬೇಕಾದವನು ಹಡಗು ಹಿಡಿದವನಲ್ಲ, ಗೋಡೆ ಒಡೆದು ಅಡುಗೆಮನೆಗೆ ನುಗ್ಗಿ ಪಾಸ್ತಾ-ಕಡಲೆ ತಿಂದವನು. ಸರಿ, ‘ಕಪನ್ನೆಲ್ಲೆ’ ಎಂದು ಹುಡುಕೋಣ ಎಂದರೆ ಅದು ರೋಮ್‌ನ ಕುದುರೆ ರೇಸ್ ಮೈದಾನದ ಹೆಸರು. ಪುಟಗಟ್ಟಲೆ ಕುದುರೆಗಳು.

ಇದರ ಪೆಟ್ಟು ಜೇಬಿಗೂ ಬಿತ್ತು. ಇಟಲಿಯ ಹಳೇ ಕಾಗದ ಮಾರುವವನೊಬ್ಬ ‘ಕಪನ್ನೆಲ್ಲೆ, 1958, ಅಸಲಿ’ ಎಂದು ಬರೆದಿದ್ದ. ಫೋಟೋ ಮಸುಕು. ಫೋಟೋಬುಸ್ತಾ (ಚಿತ್ರಮಂದಿರಗಳಲ್ಲಿ ಪ್ರಚಾರಕ್ಕೆ ಹಾಕುತ್ತಿದ್ದ ಫೋಟೋ ಪೋಸ್ಟರ್) ಇರಬೇಕು ಎಂದು ಆಸೆಪಟ್ಟು ದುಡ್ಡು ಕಟ್ಟಿದೆ. ಆರು ವಾರ ಕಾದು, ಕಸ್ಟಮ್ಸ್‌ನವರಿಗೂ ತೆತ್ತು ಬಿಚ್ಚಿ ನೋಡಿದರೆ ಆ ವರ್ಷದ ರೇಸ್ ಕಾರ್ಯಕ್ರಮ ಪಟ್ಟಿ. ಅದೂ ನಾಲ್ಕು ಮಡಿಕೆ ಮಡಚಿ. ಮಾರಿದವನಿಗೆ ಬರೆದರೆ, ‘ನಾನು ಹೇಳಿದ್ದರಲ್ಲಿ ಯಾವುದು ಸುಳ್ಳು?’ ಎಂದು ಉತ್ತರ. ಸುಳ್ಳೇನೂ ಇಲ್ಲ ಮಹಾರಾಯ.

ಇನ್ನು ಅಸಲು ಕಗ್ಗಂಟು. ನನ್ನ ಶೀಟಿನಲ್ಲಿ ‘ದನಿ’ ಎಂಬ ಕಾಲಮ್ ಇದೆ. ಆ ಕಾಲದ ಇಟಲಿಯಲ್ಲಿ ಸೆಟ್ಟಿನಲ್ಲಿ ಹಿಡಿದ ಸದ್ದು ಬಹುಪಾಲು ಗುರುತಿಗಷ್ಟೇ, ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಕೂರಿಸುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದೂ ನಾನು ಪಿಸಕಾನೆಯ ಎಲ್ಲ ಸಾಲಿಗೂ ‘ಸ್ವಂತ’ ಎಂದು ತುಂಬಿಬಿಟ್ಟಿದ್ದೆ. ಆ ಮುಖಕ್ಕೆ ಆ ದನಿ ಅಷ್ಟು ಹೊಂದುತ್ತದೆ! ಅನುಮಾನ ಬಂದದ್ದು ಸ ಅಕ್ಷರದಿಂದ. ನೇಪಲ್ಸ್‌ನ ಮುದುಕ ಮಾತಿನ ಕೊನೆಯ ಸ್ವರವನ್ನು ನುಂಗಬೇಕು. ಇವನು ನುಂಗುವುದು ಊಟವನ್ನು ಮಾತ್ರ, ಸ್ವರಗಳೆಲ್ಲ ನೆಟ್ಟಗಿವೆ. ಸಕಾರವೋ ದಪ್ಪ, ಸ-ಶಗಳ ನಡುವೆ ಎಲ್ಲೋ. ಅದು ಉತ್ತರ ಇಟಲಿಯ ಬೊಲೋನ್ಯಾ ಕಡೆಯ ಲಕ್ಷಣ.

ಸದ್ದು ಕತ್ತರಿಸುವ ಸಾಫ್ಟ್‌ವೇರ್ ಆಡಾಸಿಟಿ ತೆರೆದು, ಒಂದೊಂದೇ ಸಕಾರ ಕತ್ತರಿಸಿ, ಸದ್ದನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್‌ಗಳನ್ನು ಸಾಲಾಗಿ ಜೋಡಿಸಿದೆ. ಹಿಂದೆ ಚಿತ್ರದ ಸಂಗೀತಗಾರ ಉಮಿಲಿಯಾನಿಯ ಜಾಜ್ ಇದ್ದಲ್ಲೆಲ್ಲ ತುತ್ತೂರಿಯೂ ಸಕಾರವೂ ಕಲಸುಮೇಲೋಗರ. ಪಕ್ಕದ ಕೋಣೆಯಿಂದ ಅಮ್ಮ, ‘ಏನೋ ಅದು, ಕುಕ್ಕರ್ ಸೋರ್ತಿದೆಯಾ?’ ಎಂದು ಎರಡು ಸಲ ಎದ್ದು ಬಂದರು. ಎಂಟು ತಾಸು ಕೂತು ಸಾಧಿಸಿದ್ದು ಸೊನ್ನೆ.

ಉತ್ತರ ಸಿಕ್ಕಿದ್ದು ಎಲ್ಲಿ? ಆರು ತಿಂಗಳ ಹಿಂದೆ ನಾನೇ ಸೇವ್ ಮಾಡಿ, ತೆರೆದೂ ನೋಡದೆ ಮರೆತಿದ್ದ ಡಬ್ಬಿಂಗ್ ಪಟ್ಟಿಯಲ್ಲಿ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಂತಾಯಿತು. ಕಪನ್ನೆಲ್ಲೆಯ ದನಿ: ನಿಕೋ ಪೇಪೆ. ಮಿಲಾನಿನ ಪಿಕ್ಕೋಲೋ ತೆಯಾತ್ರೋ ರಂಗಮಂದಿರದಲ್ಲಿ ಪಂತಲೋನೆ ಎಂಬ ಜಿಪುಣ ಮುದುಕನ ಪಾತ್ರ ಮಾಡಿದ ಅದೇ ಪೇಪೆ. ಹುಟ್ಟೂರು ಊದಿನೆ, ಇಟಲಿಯ ಈಶಾನ್ಯ ಮೂಲೆ. ಅಂದರೆ ಲೆಕ್ಕ ಹೀಗೆ: ನೇಪಲ್ಸ್‌ನ ಮುಖ, ಊದಿನೆಯವನ ಗಂಟಲು, ಬೊಲೋನ್ಯಾದ ಉಚ್ಚಾರ, ರೋಮ್‌ನ ಕಳ್ಳತನ. ರೈಲಿನಲ್ಲಿ ಹೋದರೆ ಅರ್ಧ ಇಟಲಿ ಮುಗಿಯುತ್ತದೆ.

ಗೊತ್ತಾದ ಮೇಲೆ ಮತ್ತೊಮ್ಮೆ ಚಿತ್ರ ಹಾಕಿದೆ, ಸೌಂಡ್ ಪೂರ್ತಿ ಮ್ಯೂಟ್ ಮಾಡಿ. ಆಗ ಪಿಸಕಾನೆ ಬೇರೆಯೇ ನಟ. ಕೆನ್ನೆಯಲ್ಲಿ, ಗದ್ದದಲ್ಲಿ, ಜೇಬಿಗೆ ಇಳಿಯುವ ಕೈಯಲ್ಲಿ ಅಷ್ಟೊಂದು ನಡೆಯುತ್ತಿರುತ್ತದೆ. ಕೊನೆಯಲ್ಲಿ ಗಾಸ್ಮನ್ ಕೂಲಿಯವರ ಗುಂಪಿನೊಳಗೆ ಸಿಕ್ಕಿಕೊಂಡಾಗ, ನಿನ್ನನ್ನು ದುಡಿಯಲು ಹಾಕುತ್ತಾರಪ್ಪಾ ಎಂದು ಇವನು ಗಾಬರಿಯಾಗುವ ಜಾಗವಂತೂ ಮಾತಿಲ್ಲದೆಯೂ ನಗಿಸುತ್ತದೆ. ಹಾಗಂತ ಪೇಪೆಯನ್ನು ತೆಗೆದುಹಾಕಲೂ ಮನಸ್ಸಿಲ್ಲ. ಕಪನ್ನೆಲ್ಲೆ ಇಬ್ಬರು ಸೇರಿ ಮಾಡಿದ ಪಾತ್ರ, ಹೆಸರು ಮಾತ್ರ ಒಬ್ಬರಿಗೆ ಹೋಯಿತು.

ಹಾಗಾಗಿ ಶೀಟನ್ನು ಒಡೆದು ಎರಡು ಮಾಡಿದೆ: ಒಂದು ಮುಖಕ್ಕೆ, ಇನ್ನೊಂದು ದನಿಗೆ, ನಡುವೆ ಕೊಂಡಿಯಾಗಿ ಪಾತ್ರದ ಹೆಸರು. ಹಳೆಯ ‘ಸ್ವಂತ’ಗಳನ್ನೆಲ್ಲ ಅಳಿಸಿದೆ. ಕರುಳು ಚುರುಕ್ ಎಂದಿತು.

ಅಂದಹಾಗೆ ಈ ವಿಧಾನದ ರುಚಿ ಹತ್ತಿದ ಮೇಲೆ ಮುಂದಿನ ಯೋಜನೆಯೂ ತಾನಾಗಿ ಎದುರಿಗೆ ಬಂತು: ಅದೇ ಕಳ್ಳರ ಗುಂಪಿನ ಫೆರ್ರಿಬೊತ್ತೆ, ಅಂದರೆ ತಿಬೇರಿಯೋ ಮುರ್ಜಾ. ಸಾರ್ಡೀನಿಯಾದ ಒರಿಸ್ತಾನೋದವರು, ರೋಮ್‌ನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಈ ಚಿತ್ರಕ್ಕೆ ಸಿಕ್ಕವರು. ತಂಗಿಯ ಮೇಲೆ ಕಣ್ಣಿಟ್ಟು ಕಾಯುವ ಸಿಸಿಲಿಯವನ ಪಾತ್ರ, ದನಿ ರೆನಾತೋ ಕೊಮಿನೆತ್ತಿಯದು. ಆ ತಂಗಿ ಕ್ಲೌಡಿಯಾ ಕಾರ್ಡಿನಾಲೆ, ಟ್ಯುನಿಸ್‌ನಲ್ಲಿ ಬೆಳೆದವರು, ಆಕೆಗೂ ಬೇರೆಯವರದೇ ದನಿ. ಅಣ್ಣ-ತಂಗಿ ಇಬ್ಬರೂ ಸಿಸಿಲಿಯಲ್ಲಿ ಹುಟ್ಟಿದವರಲ್ಲ, ಮಾತೂ ಅವರದಲ್ಲ! ಮುರ್ಜಾ ಆಮೇಲೆ ಸಿಸಿಲಿಯವನಾಗಿಯೇ ಮತ್ತೆ ಮತ್ತೆ ಬಂದರು. ನೂರಕ್ಕೂ ಹೆಚ್ಚು ಚಿತ್ರ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಅದಕ್ಕೂ ಮೊದಲು ಪಿಸಕಾನೆಯ 1967ರ ವೆಸ್ಟರ್ನ್ ‘ದಾ ವೋಮೋ ಆ ವೋಮೋ’ ಮುಗಿಸಬೇಕು. ಅದರಲ್ಲಿ ಸ್ಟೇಷನ್ ಮಾಸ್ಟರ್. ನನ್ನ ಪ್ರತಿ ಇಂಗ್ಲಿಷ್ ಡಬ್ಬಿಂಗಿನದು, ದನಿ ಶೀಟಿಗೆ ಉಪಯೋಗವಿಲ್ಲ. ಇಟಾಲಿಯನ್ ಟ್ರ್ಯಾಕ್ ಇರುವ ಡಿವಿಡಿಗೆ ಆರ್ಡರ್ ಹಾಕಿದ್ದೇನೆ, ಈ ಸಲ ಬೇರೆ ಅಂಗಡಿಯಿಂದ. ರೇಸ್ ಪಟ್ಟಿಗೆ ಚೌಕಟ್ಟು ಹಾಕಿಸಿ ಮೇಜಿನ ಮೇಲೆ ತೂಗುಹಾಕಿದ್ದೇನೆ, ಮಡಿಕೆ ಕಾಣದ ಹಾಗೆ.