ಫೈನ್ ಅಂದರೆ ಎಷ್ಟು ಟನ್?

2008ರಲ್ಲಿ ಸಂಡೂರು ಕಡೆಯ ಒಂದು ಕಬ್ಬಿಣದ ಅದಿರಿನ ಗಣಿಯಲ್ಲಿ ನನಗೆ ಗುಮಾಸ್ತನ ಕೆಲಸ ಸಿಕ್ಕಿತು. ಬಿ.ಕಾಂ. ಮುಗಿದಿತ್ತು, ಗಣಿಯ ಗಂಧಗಾಳಿ ಇರಲಿಲ್ಲ. ಕಾಟಾ ಚೀಟಿ, ಅಂದರೆ ಲಾರಿಯ ತೂಕದ ಚೀಟಿ ಬರೆಯುವುದು, ಲಾರಿಗಳ ಸರದಿ ನೋಡುವುದು, ಆಫೀಸಿನಿಂದ ಬರುವ ಇಂಗ್ಲಿಷ್ ಸೂಚನೆಗಳನ್ನು ಕನ್ನಡದಲ್ಲಿ ಬರೆದು ಬೋರ್ಡಿಗೆ ಹಚ್ಚುವುದು, ಇಷ್ಟು ನನ್ನ ಪಾಲಿಗೆ.

ಸೇರಿ ಮೂರನೇ ವಾರಕ್ಕೆ ಒಂದು ಸೂಚನೆ ಬಂತು. ಒಂದೇ ಸಾಲು. ಕ್ರಷರ್ ಹತ್ತಿರದ ಫೈನ್ಸ್ ಎಲ್ಲ ಶನಿವಾರದೊಳಗೆ ಕ್ಲಿಯರ್ ಆಗಬೇಕು, ಆಮೇಲೆಯೇ ಹೊಸ ಲೋಡಿಂಗ್. ಫೈನ್ ಅಂದರೆ ದಂಡ, ಶಾಲೆಯಲ್ಲಿ ಕಲಿತದ್ದು ಅದನ್ನೇ ಅಲ್ವಾ? ‘ಕ್ರಷರ್ ಕಡೆಯವರು ಬಾಕಿ ದಂಡವನ್ನೆಲ್ಲ ಶನಿವಾರದೊಳಗೆ ಕಟ್ಟಬೇಕು. ಕಟ್ಟಿದ ಮೇಲೆಯೇ ಲೋಡಿಂಗ್’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ.

ಮಧ್ಯಾಹ್ನದ ಹೊತ್ತಿಗೆ ಐದು ಲಾರಿ ಖಾಲಿಯಾಗಿಯೇ ವಾಪಸ್ ಹೋಗಿದ್ದವು. ಲೋಡರ್ ಓಡಿಸುತ್ತಿದ್ದ ಹಿರಿಯರೊಬ್ಬರು ಕಾಟಾ ರೂಮಿನ ಕಿಟಕಿಗೆ ಬಂದು ನಿಂತರು. “ತಮ್ಮಾ, ನಾನೇನು ತಪ್ಪು ಮಾಡೀನಿ? ಎಷ್ಟು ಕಟ್ಟಬೇಕು ಹೇಳು. ಪಗಾರದಾಗ ಹಿಡೀತಾರೇನು?” ಅಂದರು. ಮುಖ ಬಾಡಿತ್ತು. ನನಗೆ ಉತ್ತರ ಗೊತ್ತಿರಲಿಲ್ಲ. ಸೂಪರ್‌ವೈಸರ್ ಹತ್ತಿರ ಓಡಿದೆ.

ಅವರು ಬೈಯಲಿಲ್ಲ. ನೇರವಾಗಿ ಜರಡಿ ಇದ್ದಲ್ಲಿಗೆ ಕರೆದುಕೊಂಡು ಹೋದರು. ಮೇಲಿನಿಂದ ಅದಿರು ಬೀಳುತ್ತಿತ್ತು, ಜರಡಿ ಗಡಗಡ ನಡುಗುತ್ತಿತ್ತು. ದಪ್ಪ ಗಟ್ಟಿಗಳು ಮೇಲೆಯೇ ಉರುಳಿ ಒಂದು ಬೆಲ್ಟಿಗೆ ಹೋಗುತ್ತಿದ್ದವು. 10 ಮಿಲಿಮೀಟರ್‌ಗಿಂತ ಸಣ್ಣದೆಲ್ಲ ಕೆಳಗೆ ಉದುರಿ ಗುಡ್ಡೆಯಾಗುತ್ತಿತ್ತು. ಅವರು ಆ ಗುಡ್ಡೆಯಿಂದ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಹಾಕಿದರು. ಕೆಂಪಗೆ, ಭಾರವಾಗಿತ್ತು. ಅಲ್ಲಲ್ಲಿ ಕಡಲೆಕಾಳಿನಷ್ಟು ಚೂರು, ಉಳಿದದ್ದೆಲ್ಲ ರವೆ, ಹಿಟ್ಟು. “ಇದೇ ನೋಡಪ್ಪಾ ಫೈನ್ಸು. ಇದನ್ನ ಇಲ್ಲಿಂದ ಎತ್ತಿಸಬೇಕು ಅಂತ ಹೇಳಿದ್ದು” ಅಂದರು.

ಲಂಪ್ಸ್ ಅಂದರೆ ಗಟ್ಟಿ, ಫೈನ್ಸ್ ಅಂದರೆ ಪುಡಿ. ಗಣಿಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು. ಕಿವಿಗೆ ಬಿದ್ದಾಗ ಅದು ಬೇರೆ ಯಾವುದೋ ಪದ ಅಂದುಕೊಂಡಿದ್ದೆ, ಕಾಗದದ ಮೇಲೆ ಕಂಡಾಗ ದಂಡ ಅಂತ ಓದಿದ್ದೆ. ಬೋರ್ಡಿನ ಹಾಳೆ ಹರಿದುಹಾಕಿ, ಆ ಹಿರಿಯರ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವರು ಸಮಾಧಾನವಾದರು. ಆದರೆ ಐದು ಲಾರಿಯವರ ಆ ದಿನದ ಟ್ರಿಪ್ ಹೋದದ್ದು ಹೋಯಿತು. ಅದನ್ನು ತುಂಬಿಕೊಡಲು ನನ್ನಿಂದ ಆಗಲಿಲ್ಲ, ಈಗಲೂ ಮನಸ್ಸು ಚುಚ್ಚುತ್ತದೆ.

ದಂಡಕ್ಕೂ ಪುಡಿಗೂ ‘ಚೆನ್ನಾಗಿದ್ದೀನಿ’ ಅನ್ನುವುದಕ್ಕೂ ಒಂದೇ ಪದ ಹೇಗಾಯಿತು? ಇದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಬಳ್ಳಾರಿಗೆ ಹೋದಾಗಲೆಲ್ಲ ದೊಡ್ಡ ನಿಘಂಟು ತೆಗೆದು ಕೂರುತ್ತಿದ್ದೆ. ಬೇರು ಒಂದೇ. ಲ್ಯಾಟಿನ್ನಿನ ಫೀನಿಸ್, ಅಂದರೆ ಕೊನೆ, ಗಡಿ. ಹಳೆಯ ಫ್ರೆಂಚ್ ಹಾದು ಇಂಗ್ಲಿಷಿಗೆ ಬಂತು. ಫಿನಿಶ್, ಫೈನಲ್ ಎರಡೂ ಅದೇ ಮನೆಯವು. ವ್ಯಾಜ್ಯವನ್ನು ಕೊನೆಗಾಣಿಸಲು ಕೊಡುವ ಹಣ ಫೈನ್ ಆಯಿತು. ಫೈನಾನ್ಸ್ ಕೂಡ ಹಾಗೇ, ಲೆಕ್ಕ ತೀರಿಸುವುದು ಅನ್ನುವ ಅರ್ಥದಿಂದ ಬಂದದ್ದು.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ಸಂಗತಿ. ಹಿಂದೆ ಇಂಗ್ಲೆಂಡಿನ ಕೋರ್ಟಿನಲ್ಲಿ ಜಮೀನಿನ ರಾಜಿಪತ್ರಕ್ಕೂ ಫೈನ್ ಅಂತಲೇ ಹೆಸರಿತ್ತು. 1195ರಿಂದ ಅದನ್ನು ಒಂದೇ ಚರ್ಮದ ಹಾಳೆಯ ಮೇಲೆ ಮೂರು ಸಲ ಬರೆಯುತ್ತಿದ್ದರು. ಆಮೇಲೆ ಅಂಕುಡೊಂಕಾಗಿ ಕತ್ತರಿಸಿ, ಎರಡು ತುಂಡು ಎರಡು ಕಡೆಯವರಿಗೆ, ಕೆಳಗಿನ ತುಂಡು ಖಜಾನೆಗೆ. ಯಾರಾದರೂ ಸುಳ್ಳು ಪ್ರತಿ ತಂದರೆ ಅಂಚು ಕೂಡುವುದಿಲ್ಲ. ಆ ಕೆಳತುಂಡಿಗೆ ‘ಫೈನಿನ ಪಾದ’ ಅನ್ನುತ್ತಿದ್ದರು. 1833ರ ಕಾಯ್ದೆ ಬರುವ ತನಕ ಈ ಫೈನ್ ನಡೆದುಕೊಂಡು ಬಂತು. ನಮ್ಮ ಕಾಟಾ ಚೀಟಿಯೂ ಮೂರು ಪ್ರತಿ. ಲಾರಿಗೊಂದು, ಕೊಂಡವರಿಗೊಂದು, ನಮ್ಮ ಫೈಲಿಗೊಂದು. ಇದನ್ನು ಓದಿದ ಮೇಲೆ ಆ ಮೂರನೇ ಪ್ರತಿಯನ್ನು ನಾನು ಇನ್ನಷ್ಟು ಜೋಪಾನ ಮಾಡತೊಡಗಿದೆ.

‘ಚೆನ್ನ’ ಅನ್ನುವ ಫೈನ್ ಕೂಡ ಕೊನೆಯಿಂದಲೇ ಹುಟ್ಟಿದ್ದು. ಪೂರ್ತಿ ಕೊನೆ ಮುಟ್ಟಿಸಿದ ಕೆಲಸ, ಕುಂದಿಲ್ಲದ್ದು. ಬಂಗಾರದ ಶುದ್ಧಿಗೆ ಫೈನ್‌ನೆಸ್ ಅನ್ನುವುದು ಈ ಅರ್ಥದಲ್ಲೇ. ಒಡವೆಯ ಮೇಲಿನ 916 ಅಂದರೆ ಸಾವಿರ ಪಾಲಿನಲ್ಲಿ 916 ಪಾಲು ಬಂಗಾರ. ತೆಳು, ನವಿರು, ಸಣ್ಣ ಅನ್ನುವ ಅರ್ಥಗಳು ಆಮೇಲೆ ಸೇರಿಕೊಂಡವು. ಗಂಗಾವತಿ ಕಡೆಯ ಸಣ್ಣಕ್ಕಿಗೆ ವ್ಯಾಪಾರದಲ್ಲಿ ಫೈನ್ ರೈಸ್ ಅನ್ನುವುದು, ನಮ್ಮ ಅದಿರಿನ ಪುಡಿಗೆ ಫೈನ್ಸ್ ಅನ್ನುವುದು ಎರಡೂ ಈ ದಾರಿಯವೇ. ನಮ್ಮ ದಂಡವೂ ಹೀಗೇ ಅಲ್ವಾ? ಕೋಲೂ ದಂಡ, ಕಟ್ಟುವ ದುಡ್ಡೂ ದಂಡ, ಹೇಳಿದ್ದು ವ್ಯರ್ಥವಾದರೆ ಅದೂ ದಂಡ.

ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ಸಣ್ಣ ಇಂಗ್ಲಿಷ್ ಪದ ಕಂಡರೆ ಅದರ ಪಕ್ಕದಲ್ಲಿ ಏನಿದೆ ಅಂತ ನೋಡುತ್ತೇನೆ. ಟನ್ ಇದೆಯಾ, ರೂಪಾಯಿ ಇದೆಯಾ, ಮಿಲಿಮೀಟರ್ ಇದೆಯಾ? ಏನೂ ಇಲ್ಲದಿದ್ದರೆ ಬರೆದವರಿಗೇ ಫೋನ್ ಮಾಡುತ್ತೇನೆ. ಬೋರ್ಡಿಗೆ ಹಚ್ಚುವ ಮೊದಲು ಲೋಡರಿನವರೊಬ್ಬರಿಗೆ ಓದಿ ತೋರಿಸುತ್ತೇನೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿ, ಆಮೇಲೆ ರಾಶಿ ಬಿದ್ದ ಅದಿರು ಇ-ಹರಾಜಿಗೆ ಬಂದಾಗ ಪಟ್ಟಿಗಳ ತುಂಬ ಫೈನ್ಸ್. ಆ ಹೊತ್ತಿಗೆ ನನ್ನ ಕೈ ಪಳಗಿತ್ತು.

ಈಗ ನಾನು ಬಳ್ಳಾರಿ ಹತ್ತಿರದ ಒಂದು ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆಯೇ ಮಾಡುವ ಕಬ್ಬಿಣ) ಕಾರ್ಖಾನೆಯಲ್ಲಿ ಅದಿರು ಖರೀದಿ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗಿ ಒಂದು ಕರಾರು ಹಿಡಿದು ಬಂದಳು. ನಮಗೆ ಬೇಕಾದದ್ದು 5ರಿಂದ 18 ಮಿಲಿಮೀಟರ್ ಅದಿರು. ಫೈನ್ಸ್ ಶೇಕಡಾ 5 ದಾಟಿದರೆ ಫೈನ್ ಎಂದು ಬರೆದಿತ್ತು. “ಸರ್, ಒಂದೇ ಪದ ಎರಡು ಸಲ ಬಂದಿದೆ. ಟೈಪಿಂಗ್ ತಪ್ಪಾ?” ಎಂದು ಕೇಳಿದಳು. ನಾನು ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಜರಡಿಯ ಕೆಳಗಿನ ಪುಡಿಯನ್ನು ಅವಳ ಅಂಗೈಗೆ ಹಾಕಿದೆ. ಗಣಿಯಲ್ಲಿ 10 ಮಿಲಿಮೀಟರ್‌ಗಿಂತ ಸಣ್ಣದು ಫೈನ್ಸ್, ಈ ಕರಾರಿನಲ್ಲಿ 5ಕ್ಕಿಂತ ಸಣ್ಣದು ಎಂದೂ ಹೇಳಿದೆ.

ಅವಳು ಕೂತು ಬರೆದಳು: ‘5 ಮಿಲಿಮೀಟರ್‌ಗಿಂತ ಸಣ್ಣ ಪುಡಿ ನೂರಕ್ಕೆ ಐದು ಪಾಲು ದಾಟಿದರೆ ದಂಡ.’ ಗೇಟಿನಲ್ಲಿ ಅದಿರು ತರುವವರ ಕಡೆಯ ಮೇಸ್ತ್ರಿ ಅದನ್ನು ನಿಧಾನವಾಗಿ ಓದಿ, “ಟನ್ನಿಗೆ ಎಷ್ಟು ಹಿಡೀತೀರಿ ಮೇಡಂ?” ಎಂದು ಕೇಳಿದರು.