ಒಂದೇ ಪೀಕ್ ಬಂತು ಅಂತ ಖುಷಿ ಪಡೋಕಾಗಲ್ಲ

ಔಷಧಿ ಕಂಪನಿಯಲ್ಲಿ ಅನಲಿಟಿಕಲ್ ಡೆವಲಪ್‌ಮೆಂಟ್ ಕೆಲಸ ಅಂದ ತಕ್ಷಣ "ಓ, ಮಾತ್ರೆ ಟೆಸ್ಟ್ ಮಾಡ್ತೀರಾ" ಅಂತಾರೆ ಜನ. ದಿನಾ ಟೆಸ್ಟ್ ಮಾಡೋರು ಕ್ಯೂಸಿಯವ್ರು (ಕ್ವಾಲಿಟಿ ಕಂಟ್ರೋಲ್), ಆ ಟೆಸ್ಟ್ ಹೇಗಿರ್ಬೇಕು, ಅದನ್ನ ನಂಬ್ಬಹುದಾ ಅನ್ನೋದನ್ನ ಡೇಟಾ ಇಟ್ಟು ತೋರ್ಸೋರು ನಾವು.

ಇದ್ರಲ್ಲಿ ನಂಗೆ ತುಂಬಾ ಇಷ್ಟ ಫೋರ್ಸ್ಡ್ ಡಿಗ್ರೆಡೇಶನ್. ಆಸಿಡ್, ಬೇಸ್, ಪೆರಾಕ್ಸೈಡ್, ಬಿಸಿ, ಬೆಳಕು ಎಲ್ಲಾ ಕೊಟ್ಟು ಔಷಧಿನ ಬೇಕಂತಲೇ ಕೆಡಿಸಿ ಏನೇನು ಹುಟ್ಟುತ್ತೆ ಅಂತ ಎಚ್‌ಪಿಎಲ್‌ಸಿಲಿ ನೋಡೋದು. ಅದು ಮಿಶ್ರಣನ ಕಾಲಮ್ ಅನ್ನೋ ಕೊಳವೆಲಿ ಹರಿಸಿ ಬೇರೆ ಬೇರೆ ಮಾಡೋ ಮೆಷಿನ್, ಒಂದೊಂದು ಪದಾರ್ಥ ಹೊರಗೆ ಬಂದಾಗ ಗ್ರಾಫ್‌ನಲ್ಲಿ ಒಂದೊಂದು ಪೀಕ್ ಏಳುತ್ತೆ. ಸಾಮಾನ್ಯವಾಗಿ 5ರಿಂದ 20 ಪರ್ಸೆಂಟ್ ಕೆಟ್ರೆ ಸಾಕು, ಅದಕ್ಕಿಂತ ಜಾಸ್ತಿ ಕೆಡಿಸಿದ್ರೆ ಶೆಲ್ಫ್ ಮೇಲೆ ಯಾವತ್ತೂ ಬರದೇ ಇರೋ ಪೀಕ್‌ಗಳ ಹಿಂದೆ ಓಡ್ತಾ ಕೂರ್ಬೇಕಾಗುತ್ತೆ. ಆಮೇಲೆ ಮಾಸ್ ಬ್ಯಾಲೆನ್ಸ್, ಅಂದ್ರೆ ಉಳಿದ ಔಷಧಿ, ಹುಟ್ಟಿದ ಇಂಪ್ಯೂರಿಟಿ ಎರಡೂ ಕೂಡಿ ನೂರರ ಹತ್ರ ಬರುತ್ತಾ ಅನ್ನೋ ಲೆಕ್ಕ. ಅಸ್ಸೇ (ಉಳಿದ ಔಷಧಿಯ ಪ್ರಮಾಣ) 90 ಪರ್ಸೆಂಟ್‌ಗೆ ಇಳಿದಿದೆ, ಇಂಪ್ಯೂರಿಟಿ ಎಲ್ಲಾ ಕೂಡಿದ್ರೆ ಬರೀ 3, ಹಾಗಾದ್ರೆ ಉಳಿದ 7 ಎಲ್ಲೋಯ್ತು? ಯುವಿ ಡಿಟೆಕ್ಟರ್‌ಗೆ ಕಾಣ್ತಿಲ್ವಾ, ಕಾಲಮ್‌ನಲ್ಲೇ ಅಂಟ್ಕೊಂಡಿದ್ಯಾ, ಕಾಲಮ್‌ನಲ್ಲಿ ನಿಲ್ಲದೇ ಮೊದ್ಲೇ ವಾಯ್ಡ್‌ನಲ್ಲಿ ಹೋಗ್ಬಿಟ್ಟಿದ್ಯಾ, ಒಂದೊಂದೇ ಹುಡುಕ್ಬೇಕು.

ಇದಕ್ಕಿಂತ ಅಪಾಯ ಅಂದ್ರೆ ಅಸ್ಸೇ ಇಳಿಯದೇ ಇರೋದು. ಮೇನ್ ಪೀಕ್ ಒಳಗೇ ಇನ್ನೊಂದು ಕೂತಿದ್ರೆ ನಂಬರ್ ಚೆನ್ನಾಗೇ ಬರುತ್ತೆ, ಔಷಧಿ ಮಾತ್ರ ಕೆಟ್ಟಿರುತ್ತೆ. ಪಿಡಿಎ (ಪೀಕ್‌ನ ಪೂರ್ತಿ ಯುವಿ ಸ್ಪೆಕ್ಟ್ರಮ್ ನೋಡೋ ಡಿಟೆಕ್ಟರ್) ಪೀಕ್ ಪ್ಯೂರಿಟಿ ಪಾಸ್ ಅಂದ್ರೂ ನಾನು ಬಿಡಲ್ಲ, ಎರಡರ ಸ್ಪೆಕ್ಟ್ರಮ್ ಒಂದೇ ಥರ ಇದ್ರೆ ಪಿಡಿಎಗೆ ಗೊತ್ತಾಗೋದೇ ಇಲ್ಲ, ಬೇರೆ ಕಾಲಮ್ ಹಾಕಿಯೋ ಅಣುವಿನ ತೂಕ ನೋಡೋ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಟ್ಟೋ ನೋಡ್ಲೇಬೇಕು. ಕೆಲವೊಮ್ಮೆ ಪಿಹೆಚ್ ಬದಲಿಸಿದ್ರೆ ಸಾಕು: ಡಿಗ್ರೆಡೆಂಟ್ (ಔಷಧಿ ಕೆಟ್ಟು ಹುಟ್ಟಿದ ಪದಾರ್ಥ) ಆಸಿಡ್ ಆಗಿದ್ದು ಪಿಕೆಎ (ಅದು ಅರ್ಧದಷ್ಟು ಅಯಾನ್ ಆಗಿರೋ ಪಿಹೆಚ್) 4.5ರ ಹತ್ರ ಇದ್ರೆ, ಮೊಬೈಲ್ ಫೇಸ್ (ಕಾಲಮ್‌ನಲ್ಲಿ ಹರಿಯೋ ದ್ರವ) ಪಿಹೆಚ್ 3ಕ್ಕೆ ಇಳಿಸಿದಾಗ ಅದು ತಡವಾಗಿ ಹೊರಗೆ ಬಂದು ಬೇರೆ ಆಗುತ್ತೆ. 4.5ರಲ್ಲೇ ಬಿಟ್ರೆ ಬಫರ್ ಮಾಡೋರ ಕೈಯಲ್ಲಿ 0.1 ಆಚೀಚೆ ಆದ್ರೂ ಪೀಕ್ ಜಾಗ ಬದಲಾಗುತ್ತೆ, ಕ್ಯೂಸಿಯವ್ರಿಗೆ ಅಂಥ ಮೆಥಡ್ ಕೊಡೋದು ತಪ್ಪು ಅಂತ್ಲೇ ನನ್ನ ಅಭಿಪ್ರಾಯ.

ಆದ್ರೂ ಎಷ್ಟೇ ಒಳ್ಳೆ ಮೆಥಡ್ ಆದ್ರೂ ನಾವು ಹುಡುಕಿದ್ದನ್ನೇ ತೋರ್ಸುತ್ತೆ. 2018ರಲ್ಲಿ ಬಿಪಿ ಮಾತ್ರೆ ವಲ್ಸಾರ್ಟಾನ್‌ನಲ್ಲಿ ಎನ್‌ಡಿಎಂಎ (ಕ್ಯಾನ್ಸರ್ ತರಬಹುದಾದ ಇಂಪ್ಯೂರಿಟಿ) ಸಿಕ್ತಲ್ಲ, ಸಿಂಥೆಸಿಸ್‌ನಲ್ಲಿದ್ದ ಡಿಎಂಎಫ್ ಅನ್ನೋ ಸಾಲ್ವೆಂಟ್‌ನಿಂದ ಬಂದ ಡೈಮೀಥೈಲ್ ಅಮೈನ್ ಸೋಡಿಯಂ ನೈಟ್ರೈಟ್ ಜೊತೆ ಸೇರಿ ಆಗಿದ್ದದು. ಅದರ ಲಿಮಿಟ್ ದಿನಕ್ಕೆ 96 ನ್ಯಾನೋಗ್ರಾಮ್, ಅಂದ್ರೆ 320 ಮಿಲಿಗ್ರಾಮ್ ಡೋಸ್‌ಗೆ 0.3 ಪಿಪಿಎಂ, ಮಾಮೂಲಿ ಯುವಿ ಮೆಥಡ್‌ಗೆ ಅದೆಲ್ಲಿ ಕಾಣ್ಬೇಕು! ರೋಗಿ ದಿನಾ ನಂಬಿ ನುಂಗೋ ಮಾತ್ರೆ ಅದು.

ಅದಕ್ಕೇ ಹೊಸ ಪ್ರಾಜೆಕ್ಟ್ ಬಂದ್ರೆ ಕಾಲಮ್ ಕೈಗೆ ತಗೊಳ್ಳೋ ಮೊದ್ಲೇ ಪ್ರೋಸೆಸ್ ಕೆಮಿಸ್ಟ್‌ಗಳ ಹತ್ರ ಹೋಗಿ ಕೂತ್ಕೋತೀನಿ, ಯಾವ ಸ್ಟೆಪ್‌ನಲ್ಲಿ ನೈಟ್ರೈಟ್ ಇದೆ, ಅಮೈನ್ ಎಲ್ಲಿಂದ ಬರ್ಬಹುದು, ರಿಕವರಿ ಸಾಲ್ವೆಂಟ್ (ಒಮ್ಮೆ ಬಳಸಿ ವಾಪಸ್ ಪಡೆದದ್ದು) ಹಾಕ್ತಾರಾ, ಎಲ್ಲಾ ಕೇಳಿ ಬರ್ಕೊಂಡೇ ಏಳೋದು.