ಪದಪಟ್ಟಿ ಯೋಜನೆ, ನಾಲ್ಕನೇ ತಿಂಗಳು: ಮಾತುಕತೆಗೆ ಜಾಗ ಹುಡುಕಿದ್ದು

ಈ ತಿಂಗಳು ಪಟ್ಟಿಗೆ ಹೊಸ ಪದ ಸೇರಿದ್ದು ಕಡಿಮೆ. ನಾವೆಲ್ಲ ಎಲ್ಲಿ ಕೂತು ಮಾತಾಡಬೇಕು ಅನ್ನೋದಕ್ಕೇ ಜಾಸ್ತಿ ಸಮಯ ಹೋಯಿತು.

ಹೊಸಬರಿಗೆ ಎರಡು ಮಾತು. ಬರವಣಿಗೆಗೆ ಬಳಸುವ ಲಿಬ್ರೆಆಫೀಸ್, ಜಾಲತಾಣ ನೋಡುವ ಫೈರ್‌ಫಾಕ್ಸ್‌ಗಳಲ್ಲಿ ಕಾಗುಣಿತ ನೋಡುವುದು ಹನ್‌ಸ್ಪೆಲ್ ಅನ್ನೋ ಮುಕ್ತ ತಂತ್ರಾಂಶ. ಅದಕ್ಕೆ ಪ್ರತಿ ಭಾಷೆಗೂ ಎರಡು ಫೈಲ್ ಬೇಕು, ಕನ್ನಡದ್ದನ್ನು ನಾವು ಕೆಲವರು ಸೇರಿ ಮಾಡುತ್ತಿದ್ದೇವೆ. ಒಂದರಲ್ಲಿ ಮೂಲ ಪದಗಳು, ಇನ್ನೊಂದರಲ್ಲಿ ಪ್ರತ್ಯಯ ಸೇರಿಸುವ ನಿಯಮಗಳು. ‘ಮನೆ’ ಅಂತ ಒಂದು ಸಲ ಬರೆದರೆ ಮನೆಗೆ, ಮನೆಯಲ್ಲಿ, ಮನೆಗಳಿಂದ ಎಲ್ಲವೂ ನಿಯಮದಿಂದಲೇ ಬರಬೇಕು. ಹಾಗಾಗಿ ಒಂದೊಂದು ನಿಯಮಕ್ಕೂ ಚರ್ಚೆ ಆಗುತ್ತದೆ.

ಆ ಚರ್ಚೆ ಇಷ್ಟು ದಿನ ಒಂದು ಚಾಟ್ ಆ್ಯಪ್‌ನ ಗುಂಪಿನಲ್ಲಿತ್ತು. ಪದಪಟ್ಟಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಆದರೆ ಅದರ ಹಿಂದಿನ ಮಾತೆಲ್ಲ ಒಂದು ಕಂಪನಿಯ ಬೀಗದೊಳಗೆ. ಎಲ್ಲರೂ ಅಲ್ಲೇ ಇದ್ದಾರಲ್ಲ ಅಂತ ನಾನೂ ಸುಮ್ನೆ ಇದ್ದೆ.

ಪೆಟ್ಟು ಬಿದ್ದಿದ್ದು ‘ವಿಶ್ವವಿದ್ಯಾಲಯ’ದ ವಿಷಯದಲ್ಲಿ. ವಿಶ್ವವಿದ್ಯಾಲಯ, ವಿಶ್ವವಿದ್ಯಾನಿಲಯ ಎರಡೂ ಬಳಕೆಯಲ್ಲಿವೆ. ಮೂರು ದಿನ ಚರ್ಚೆ ಮಾಡಿ ಎರಡನ್ನೂ ಇಟ್ಟುಕೊಂಡಿದ್ದೆವು. ಆಮೇಲೆ ಸೇರಿದ ಹುಡುಗಿಯೊಬ್ಬಳಿಗೆ ಆ ಹಳೆಯ ಮಾತುಗಳು ಕಾಣುತ್ತಲೇ ಇರಲಿಲ್ಲ. ಒಂದೇ ಪದ ಎರಡು ಸಲ ಬಂದಿದೆ ಅಂದುಕೊಂಡು ಒಂದನ್ನು ತೆಗೆದುಬಿಟ್ಟಳು. ತಪ್ಪು ಅವಳದಲ್ಲ. ಕಾರಣವನ್ನು ಅವಳ ಕೈಗೆ ಸಿಗುವಂತೆ ನಾವು ಇಟ್ಟಿರಲೇ ಇಲ್ಲ.

ದೊಡ್ಡವರಿಗೂ ಇಂಥದ್ದು ಆಗಿದೆ. ಲಿನಕ್ಸ್ ಅನ್ನೋ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ತಿರುಳು, ಅಂದರೆ ಕರ್ನಲ್‌ನವರು 2002ರಿಂದ ಬಿಟ್‌ಕೀಪರ್ ಅನ್ನೋ ಖಾಸಗಿ ಉಪಕರಣ ಬಳಸುತ್ತಿದ್ದರು, ಕೋಡ್‌ನಲ್ಲಿ ಯಾರು ಏನು ಬದಲಿಸಿದರು ಅಂತ ದಾಖಲಿಸಲು. 2005ರಲ್ಲಿ ಪುಕ್ಕಟೆ ಪರವಾನಗಿ ನಿಂತುಹೋಯಿತು. ಅದೇ ಏಪ್ರಿಲ್‌ನಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅದೇ ಕೆಲಸಕ್ಕೆ ಗಿಟ್ ಅನ್ನೋ ಮುಕ್ತ ಉಪಕರಣ ಬರೆಯಲು ಶುರುಮಾಡಿದರು. ನಮ್ಮ ಕೈಲಿ ಹಾಗೆಲ್ಲ ಬರೆಯೋಕೆ ಆಗಲ್ಲ ಅಲ್ವಾ? ಹಾಗಾಗಿ ಬಾಗಿಲು ಮುಚ್ಚುವ ಮೊದಲೇ ಸಾಮಾನು ಕಟ್ಟಿಕೊಳ್ಳಬೇಕು.

ಮೊದಲು ಮ್ಯಾಟ್ರಿಕ್ಸ್ ಅನ್ನೋ ಮುಕ್ತ ಚಾಟ್ ವ್ಯವಸ್ಥೆ ನೋಡಿದೆ. ಫೈರ್‌ಫಾಕ್ಸ್ ಮಾಡುವ ಮೊಝಿಲ್ಲಾ 2020ರಲ್ಲಿ ತನ್ನ ಹಳೆಯ ಚಾಟ್ ವ್ಯವಸ್ಥೆಯಾದ ಐಆರ್‌ಸಿ ಸರ್ವರ್ ಮುಚ್ಚಿ ಅಲ್ಲಿಗೇ ಹೋಗಿತ್ತು. ಕೊನೆಗೆ ಆರಿಸಿದ್ದು ಜೂಲಿಪ್ ಅನ್ನೋ ಇನ್ನೊಂದು ಚಾಟ್ ತಂತ್ರಾಂಶ. ಅದರ ಕೋಡ್ ಮುಕ್ತ, ನಾಳೆ ನಮ್ಮದೇ ಸರ್ವರ್‌ಗೆ ಎಲ್ಲವನ್ನೂ ಸಾಗಿಸಬಹುದು. ಪ್ರತಿ ಮಾತಿಗೂ ಒಂದು ವಿಷಯದ ಹೆಸರು ಇರುತ್ತದೆ. ಬೇಕಾದ ಚಾನೆಲ್ ಅನ್ನು ಲಾಗಿನ್ ಇಲ್ಲದೆಯೂ ಓದುವಂತೆ ಇಡಬಹುದು. ಒಂದೊಂದು ಪದಕ್ಕೆ ಒಂದೊಂದು ವಿಷಯ! ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಆದರೆ ಗುಂಪಿನ ಮೂವತ್ತೆಂಟು ಜನರಲ್ಲಿ ಬಂದವರು ಹನ್ನೊಂದು. ಶಿರಸಿ ಕಡೆಯ ನಿವೃತ್ತ ಮೇಷ್ಟ್ರು ಫೋನ್ ಮಾಡಿ, “ತಮ್ಮಾ, ಇನ್ನೊಂದು ಆ್ಯಪ್ ಕಲಿಯೋಕೆ ನನ್ನ ಕೈಲಾಗೋದಿಲ್ಲ, ಪದ ಬೇಕಾದ್ರೆ ಎಷ್ಟು ಬೇಕಾದ್ರೂ ಕೊಡ್ತೇನೆ” ಅಂದರು. ಅವರನ್ನು ಬಿಟ್ಟು ಈ ಪಟ್ಟಿ ಮಾಡುವುದು ನನಗೆ ಬೇಡ.

ಹಾಗಾಗಿ ಹಳೆಯ ಗುಂಪು ಜಗಲಿಯ ಹಾಗೆ ಉಳಿದಿದೆ. ಯಾರು ಬೇಕಾದರೂ ಬಂದು ಕೂರಬಹುದು, ಪದ ಕೊಡಬಹುದು. ತೀರ್ಮಾನ ಮಾತ್ರ ಜೂಲಿಪ್‌ನಲ್ಲೇ. ಅದರ ಕಾರಣ ಎರಡು ಸಾಲಿನಲ್ಲಿ, ಪದಪಟ್ಟಿ ಇಟ್ಟಿರುವ ರೆಪೊದ ಒಂದು ಫೈಲ್‌ಗೆ ಸೇರಬೇಕು. ಜಗಲಿಯ ಮಾತನ್ನು ಒಳಗೆ ತರುವ ಕೆಲಸ ವಾರಕ್ಕೊಬ್ಬರದು. ಈ ವಾರ ನನ್ನದು. ಸುಮಾರು ಎರಡು ಗಂಟೆ ಹಿಡಿಯಿತು, ತಾನಾಗೇ ಕೆಲಸ ಮಾಡುವ ಬಾಟ್ ಇಲ್ಲದೆ ಕೈಯಲ್ಲೇ ಮಾಡಿದೆ. ಅವರವರನ್ನು ಕೇಳಿಯೇ ಅವರ ಮಾತು ಹಾಕಿದ್ದೇನೆ.

ವಿಶ್ವವಿದ್ಯಾನಿಲಯ ವಾಪಸ್ ಬಂದಿದೆ, ಅದನ್ನು ಸೇರಿಸಿದ್ದು ಆ ಹುಡುಗಿಯೇ. ನಿನ್ನೆ ಮೇಷ್ಟ್ರು ಧ್ವನಿ ಸಂದೇಶ ಕಳಿಸಿದ್ದಾರೆ: ‘ಅಡಿಕೆ’ ಇದೆ, ನಮ್ಮ ಕಡೆಯ ‘ಅಡಕೆ’ ಯಾಕಿಲ್ಲ? ಆ ಹೆಸರಲ್ಲೇ ವಿಷಯ ತೆರೆದಿದ್ದೇನೆ. ಬಯಲುಸೀಮೆಯವರು ಏನಂತೀರಿ, ಬಂದು ಬರೆಯಿರಿ.